ಅದೇ ಕಾಯಿ, ಹೊಸ ಹೂಟ

ಇಂಗ್ಲೆಂಡಿನ ಲೂಟನ್ ಪಟ್ಟಣದ ‘ಯುಕೆ ಡಿಕೇ’ ತಂಡದ ಹೆಸರು ರಾಕ್ ಸಂಗೀತ ಕೇಳುವವರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. ಪಂಕ್‌ನ ರೊಚ್ಚಿಗೆ ಗಾಥ್‌ನ ಕತ್ತಲನ್ನು ಮೊದಮೊದಲು ಬೆರೆಸಿದವರಲ್ಲಿ ಇವರೂ ಸೇರಿದ್ದಾರೆ. 1981ರ ‘ಫಾರ್ ಮ್ಯಾಡ್‌ಮೆನ್ ಓನ್ಲಿ’ ಆಲ್ಬಮ್‌ನಲ್ಲಿ ಸ್ಟೀವ್ ಹಾರ್ಲ್ ಅವರ ಡ್ರಮ್ಸ್ ಬುಡಕಟ್ಟಿನ ವಾದ್ಯದಂತೆ ಮೊಳಗುತ್ತದೆ. ಸ್ಟೀವ್ ಸ್ಪಾನ್ ಅವರ ಗಿಟಾರ್ ಕೊರೆಯುತ್ತದೆ. ಗಾಯಕ ಅಬ್ಬೊ ಅವರ ದನಿಯಲ್ಲಿ ಆವೇಶವಿದೆ. ಪಂಕ್‌ನ ವಾದ್ಯಗಳು ಅವೇ, ಜೋಡಣೆ ಮಾತ್ರ ಬೇರೆ.

ಆಲ್ಬಮ್ಮಿನ ಹೆಸರು ಹರ್ಮನ್ ಹೆಸ್ಸೆಯ ‘ಸ್ಟೆಪನ್‌ವುಲ್ಫ್’ ಕಾದಂಬರಿಯ ಒಂದು ಮಾತನ್ನು ನೆನಪಿಸುತ್ತದೆ. ಅಲ್ಲಿ ಚದುರಂಗದಾಟಗಾರನೊಬ್ಬ ವ್ಯಕ್ತಿತ್ವದ ಚೂರುಗಳನ್ನೇ ಕಾಯಿಗಳಾಗಿಸಿ ಮತ್ತೆ ಮತ್ತೆ ಹೊಸ ಆಟ ಹೂಡುತ್ತಾನೆ.

ನಿಜವಾದ ಚದುರಂಗದಲ್ಲೂ ಅಂಥದ್ದೊಂದು ಹೂಟವಿದೆ. 1996ರಲ್ಲಿ ಚದುರಂಗದಾಟಗಾರ ಬಾಬಿ ಫಿಷರ್ ಬ್ಯೂನಸ್ ಐರಿಸ್‌ನಲ್ಲಿ ಪ್ರಕಟಿಸಿದ ಈ ಆಟದಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಇಡುತ್ತಾರೆ. ಎರಡು ಒಂಟೆಗಳು ಬೇರೆ ಬೇರೆ ಬಣ್ಣದ ಮನೆಯಲ್ಲಿರಬೇಕು, ರಾಜ ಎರಡು ಆನೆಗಳ ನಡುವೆ ಇರಬೇಕು. ಬಿಳಿಯ ಕಾಯಿಗಳ ಎದುರಿಗೆ ಕಪ್ಪಿನವೂ ಅದೇ ಕ್ರಮದಲ್ಲಿ ನಿಲ್ಲುತ್ತವೆ. ಹೀಗೆ 960 ಆರಂಭಗಳು ಸಾಧ್ಯ. ಬಾಯಿಪಾಠ ಮಾಡಿದ ಆರಂಭದ ನಡೆಗಳಿಗೆ ಇಲ್ಲಿ ಬೆಲೆಯಿಲ್ಲ. ಮೊದಲ ನಡೆಯಿಂದಲೇ ಸ್ವಂತ ಬುದ್ಧಿ ಓಡಬೇಕು.

ಸಂಪ್ರದಾಯವನ್ನು ಪ್ರೀತಿಸುವವರು ಅದನ್ನು ಹೀಗೆ ಧೈರ್ಯವಾಗಿ ಕಲಕಬೇಕು. ಮನೆಯಲ್ಲಿ ಚದುರಂಗದ ಹಾಸಿದ್ದರೆ ಒಮ್ಮೆ ಈ ಹೂಟ ಹೂಡಿ ನೋಡಿ. ಪಕ್ಕದಲ್ಲಿ ಯುಕೆ ಡಿಕೇ ತಂಡದ ಹಾಡೂ ಇರಲಿ.