ಬಳೆಯಂ ಬಿಡಳ್: ಒಂದು ವ್ಯಾಖ್ಯಾನ

ಊರಂ ಬಿಟ್ಟಳ್, ಪೆಸರಂ ಬಿಟ್ಟಳ್, ನೆಲನಂ ಬಿಟ್ಟಳ್; ಬಳೆಯಂ ಬಿಡಳ್.

ಇದು ಪ್ರಾಚೀನ ವಾಕ್ಯವಲ್ಲ. ವ್ಯಾಖ್ಯಾನಕ್ಕೆಂದೇ ಹಳಗನ್ನಡದ ಧಾಟಿಯಲ್ಲಿ ಕಟ್ಟಿಕೊಂಡದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1930ರ ಸುಮಾರಿನವರೆಗೆ ಅಮೆರಿಕದ ಸರ್ಕಸ್ ಡೇರೆಗಳಲ್ಲಿ ಹೊಸ ಬಾಳು ಕಂಡುಕೊಂಡ ಹೆಂಗಸರು ಇದರ ವಿಷಯ. ಕರ್ತೃಪದ ಇಲ್ಲಿ ಲೋಪವಾಗಿದೆ. ‘ಅವಳು’ ಎಂಬುದು ಎಲ್ಲಿಯೂ ಬಿಡಿಯಾಗಿ ನಿಂತಿಲ್ಲ, ಕ್ರಿಯಾಪದದ ಕೊನೆಯ ‘ಳ್’ಕಾರದಲ್ಲಿ ಅಡಗಿದೆ. ಯಾರವಳು ಎಂದು ಕೇಳುವವನು ಅವಳು ಮಾಡಿದ್ದನ್ನು ಹಿಡಿದೇ ಅವಳನ್ನು ಅರಿಯಬೇಕಾಗುತ್ತದೆ.

‘ಊರಂ ಬಿಟ್ಟಳ್’. ಊರು ಎಂದರೆ ಮನೆಗಳ ಗುಂಪು ಮಾತ್ರವಲ್ಲ. ಇಂಥವಳು ಇಂಥದನ್ನೇ ಮಾಡತಕ್ಕದ್ದು ಎಂದು ಗೊತ್ತುಮಾಡುವ ನೆರೆಹೊರೆಯ ಕಣ್ಣೂ ಊರೇ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಸೀಮೆಯಲ್ಲಿ ಬಡತನದಲ್ಲಿ ಹುಟ್ಟಿ, ತಂದೆತಾಯಿಯರನ್ನು ಕಳೆದುಕೊಂಡು, ದಾದಿಯ ಕೆಲಸಕ್ಕೆ ಸೇರಿದ್ದ ಮೇರಿ ಹೇನಿ ಎಂಬಾಕೆ ಊರು ಬಿಟ್ಟು ಹುಲಿಗಳ ಪಂಜರ ಹೊಕ್ಕಳು. 1928ರಲ್ಲಿ ಮೇನ್ ಪ್ರಾಂತದ ಬ್ಯಾಂಗರಿನಲ್ಲಿ ಹುಲಿಗಳು ಆಕೆಯ ಮೈಯನ್ನು ಸೀಳಿದವು. ಗಾಯ ಮಾಯ್ದ ಮೇಲೆ ಮತ್ತೆ ಅದೇ ಪಂಜರಕ್ಕೆ ಬಂದಳು.

‘ಬಿಡು’ ಎಂಬ ಧಾತುವಿನಲ್ಲಿ ಒಂದು ಸ್ವಾರಸ್ಯವಿದೆ. ಕೆಡು ಎಂಬುದು ಕೇಡು ಆದಂತೆ, ಮೊದಲಕ್ಷರ ದೀರ್ಘವಾದರೆ ಬಿಡು ಎಂಬುದು ‘ಬೀಡು’, ಎಂದರೆ ದಂಡು ತಂಗುವ ನೆಲೆ, ಆಗುತ್ತದೆ. ಊರು ಬಿಟ್ಟವಳು ಸೇರಿದ್ದು ಇಂಥ ಬೀಡನ್ನೇ. 1919ರಲ್ಲಿ ರಿಂಗ್ಲಿಂಗ್ ಬ್ರದರ್ಸ್ ಮತ್ತು ಬಾರ್ನಮ್ ಅಂಡ್ ಬೇಲಿ ಸರ್ಕಸ್ಸುಗಳು ಒಂದಾದ ಮೇಲೆ ಆ ಬೀಡು ಸುಮಾರು 100 ರೈಲು ಬೋಗಿಗಳಲ್ಲಿ ಊರಿಂದೂರಿಗೆ ಸಾಗುತ್ತಿತ್ತು. ಬಿಟ್ಟ ಊರಿನ ಕಟ್ಟಳೆಗಳು ಹಿಂದೆಯೇ ಉಳಿದವೆಂದು ತಿಳಿಯಬಾರದು, ಅವೂ ರೈಲು ಹತ್ತಿದ್ದವು. ಮದುವೆಯಾಗದ ಹೆಂಗಸರಿಗೆ ಬೇರೆ ಬೋಗಿ; ಆಟ ಮುಗಿದ ಮೇಲೆ ಹೊತ್ತು ಮೀರದೆ ಅದನ್ನು ಸೇರಬೇಕು; ಗಂಡಾಳುಗಳೊಡನೆ ಸಲಿಗೆ ಕೂಡದು. ಹೀಗಾಗಿ ಈ ಮೊದಲ ಬಿಡುಗಡೆ ಅರೆಬಿಡುಗಡೆ. ವಾಕ್ಯ ಇಲ್ಲಿಗೇ ನಿಲ್ಲದಿರುವುದಕ್ಕೆ ಇದೇ ಕಾರಣ.

‘ಪೆಸರಂ ಬಿಟ್ಟಳ್’. ಪೆಸರ್ ಎಂದರೆ ಹೆಸರು. ಪಕಾರವು ಹಕಾರವಾದದ್ದು ಆಮೇಲಿನ ಮಾತು. ಮೇರಿ ಹೇನಿ ಮೇಬಲ್ ಸ್ಟಾರ್ಕ್ ಆದಳು. ಆಸ್ಟ್ರೇಲಿಯದ ಮೇ ಜಿಂಗಾ, ತನ್ನನ್ನು ದತ್ತು ಕೊಂಡ ಸರ್ಕಸ್ ಮನೆತನದ ಹೆಸರಿನಿಂದ, ಮೇ ವರ್ತ್ ಆದಳು. ಓಡುವ ಕುದುರೆಯ ಬೆನ್ನಮೇಲೆ ಲಾಗ ಹಾಕುವುದರಲ್ಲಿ ಆಕೆಗೆ ಎಣೆಯಿರಲಿಲ್ಲ. ಬ್ರೆಸ್ಲೌ ಪಟ್ಟಣದಲ್ಲಿ ಹುಟ್ಟಿದ ಲಿಯೊಪೋಲ್ಡಿನಾ ಅಲಿಟ್ಜಾ ಪೆಲಿಕಾನ್ ಲಿಲಿಯನ್ ಲೈಟ್ಸೆಲ್ ಆದಳು. ಮದುವೆಯಾದೊಡನೆ ಹೆಣ್ಣಿನ ಹೆಸರು ಗಂಡನ ಮನೆತನದಲ್ಲಿ ಕರಗುವುದು ಅಲ್ಲಿನ ರೂಢಿ. ಅಂಥ ಕಡೆ, ಡೇರೆಯಲ್ಲಿ ಪಡೆದ ಹೆಸರು ಕರಗಲಿಲ್ಲ: ಲೈಟ್ಸೆಲ್ 1928ರಲ್ಲಿ ಪ್ರಖ್ಯಾತ ಟ್ರಪೀಜ್ ಆಟಗಾರ ಆಲ್ಫ್ರೆಡೊ ಕೊಡೋನಾನನ್ನು ವರಿಸಿಯೂ ಭಿತ್ತಿಪತ್ರದಲ್ಲಿ ಲೈಟ್ಸೆಲ್ ಆಗಿಯೇ ಉಳಿದಳು. ಹೆಸರಿನ ಮಾತು ಬಂದುದರಿಂದ ಇನ್ನೊಂದು ನಾಮಕರಣ. 1912ರ ವಸಂತದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸರ್ಕಸ್ಸಿನ ಹೆಂಗಸರು ಮತದ ಹಕ್ಕಿಗಾಗಿ ಒಟ್ಟುಗೂಡಿ, ಜಿರಾಫೆಯ ಮರಿಯೊಂದಕ್ಕೆ ‘ಮಿಸ್ ಸಫ್ರೇಜ್’, ಎಂದರೆ ಕುಮಾರಿ ಮತಾಧಿಕಾರ, ಎಂದು ಹೆಸರಿಟ್ಟರು. ಕುದುರೆಸವಾರಿಯ ಜೋಸೆಫೀನ್ ಡಿಮಾಟ್ ರಾಬಿನ್ಸನ್ ಆ ಗುಂಪಿನಲ್ಲಿದ್ದಳು. ದೇಶದ ಸಂವಿಧಾನ ಆ ಹಕ್ಕನ್ನು ಮನ್ನಿಸಿದ್ದು 1920ರಲ್ಲಿ.

‘ನೆಲನಂ ಬಿಟ್ಟಳ್’. ಇದಕ್ಕೆ ಹೆಚ್ಚು ಮಾತು ಬೇಡ. ನೆಲದ ಮೇಲೆ ಕಾಲ ಹರಡು ಕಾಣದಂತೆ ಉಡಬೇಕಾಗಿದ್ದವಳು ಹಗ್ಗವೇರಿದೊಡನೆ ಮೈಗಂಟಿದ ಉಡುಪಿನಲ್ಲಿ ಸಾವಿರಾರು ಜನರ ಎದುರು ನಿಂತಳು; ಕೆಳಗೆ ನಾಚಿಕೆ ಎನಿಸಿದ್ದು ಮೇಲೆ ವಿದ್ಯೆ ಎನಿಸಿತು.

‘ಬಳೆಯಂ ಬಿಡಳ್’. ಅಲ್ಪವಿರಾಮಗಳು ಮುಗಿದು ಅರ್ಧವಿರಾಮ ಬಂದಿರುವುದನ್ನು ನೋಡಬೇಕು. ವಾಕ್ಯ ಇಲ್ಲಿ ಉಸಿರು ಹಿಡಿದು ತಿರುಗುತ್ತದೆ. ಬಳೆ ಎಂದೊಡನೆ ಕನ್ನಡ ಕಿವಿಗೆ ಕೇಳುವುದು ಮುತ್ತೈದೆಯ ಕೈಯ ಗಾಜಿನ ಸದ್ದು. ಆ ಅರ್ಥ ಇಲ್ಲಿ ಸಲ್ಲದು. ಸಲ್ಲದಿದ್ದರೂ ಬೇಕೆಂದೇ ನೆನಪಿಗೆ ತರಲಾಗಿದೆ. ಏಕೆಂದರೆ ಈ ಬಳೆ ಕೈಯನ್ನು ಹಿಡಿಯುವುದಲ್ಲ, ಕೈ ಇದನ್ನು ಹಿಡಿಯುವುದು: ಡೇರೆಯ ನೆತ್ತಿಯಿಂದ ತೂಗುವ ರಿಂಗು. ನಾಲ್ಕಡಿ ಒಂಬತ್ತಂಗುಲದ ಲೈಟ್ಸೆಲ್ ಮೊದಲು ರಿಂಗುಗಳ ಮೇಲೆ ಆಡಿ, ಬಳಿಕ ಹಗ್ಗದ ಕುಣಿಕೆಯಲ್ಲಿ ಒಂದು ಕೈಯಿಟ್ಟು, ಇಡೀ ಮೈಯನ್ನು ಹೆಗಲ ಮೇಲಾಗಿ ಚಕ್ರದಂತೆ ಹೊರಳಿಸುವಳು. ಪ್ರತಿ ಸುತ್ತಿಗೂ ಹೆಗಲ ಕೀಲು ತುಸು ತಪ್ಪಿ ಮತ್ತೆ ಕೂಡುವುದು. ಹಗ್ಗ ಉಜ್ಜಿದ ಮಣಿಕಟ್ಟಿನಲ್ಲಿ ಹುಣ್ಣು ಆರುತ್ತಲೇ ಇರಲಿಲ್ಲ. ಬಳೆಯಿರಬೇಕಾದ ಎಡೆಯಲ್ಲಿ ಗಾಯ ಎಂದೂ ಓದಬಹುದು. ನಗಾರಿ ಮೊಳಗುವುದು, ಜನ ಒಕ್ಕೊರಲಿನಿಂದ ಎಣಿಸುವರು. ಒಮ್ಮೆ ಆ ಎಣಿಕೆ 249ಕ್ಕೆ ಮುಟ್ಟಿತ್ತು. ಈ ನೋವಿಗೆ ದೊರೆತದ್ದೂ ಅಲ್ಪವಲ್ಲ. ಪಿಯಾನೊ ಸಮೇತ ತನಗೊಬ್ಬಳಿಗೇ ಒಂದು ರೈಲು ಬೋಗಿ. ಹೊತ್ತಿಗೆ ಸರಿಯಾಗಿ ಬೋಗಿ ಸೇರಬೇಕೆಂಬ ಕಟ್ಟಳೆಯನ್ನು ಮೇಲೆ ಓದಿದವರು ಈ ಬೋಗಿಯನ್ನು ಅದರ ಪಕ್ಕದಲ್ಲಿಟ್ಟು ನೋಡತಕ್ಕದ್ದು.

‘ಬಿಡಳ್’ ಎಂಬುದು ಪ್ರತಿಷೇಧರೂಪ, ಎಂದರೆ ಇಲ್ಲವೆನ್ನುವ ಕ್ರಿಯೆ. ಮೊದಲ ಮೂರು ಕ್ರಿಯೆಗಳು ಭೂತಕಾಲದವು, ನಡೆದು ಮುಗಿದವು. ಪ್ರತಿಷೇಧಕ್ಕೆ ಹಳಗನ್ನಡದಲ್ಲಿ ಕಾಲಭೇದವಿಲ್ಲ: ಬಿಡಲಿಲ್ಲ, ಬಿಡುತ್ತಿಲ್ಲ, ಬಿಡುವುದಿಲ್ಲ, ಮೂರೂ ಅದೊಂದರಲ್ಲೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 1931ರ ಫೆಬ್ರವರಿ 13ರಂದು ಕೋಪನ್‌ಹೇಗನ್ನಿನ ವಲೆನ್ಸಿಯಾ ರಂಗಶಾಲೆಯಲ್ಲಿ ಲೈಟ್ಸೆಲ್ ಮೇಲಿನಿಂದ ಬಿದ್ದಳು, ಕೆಳಗೆ ಬಲೆಯಿರಲಿಲ್ಲ, ಎರಡು ದಿನಗಳ ಮೇಲೆ ತೀರಿಕೊಂಡಳು. ಹಾಗಿರುವಾಗ ‘ಬಿಡಳ್’ ಎನ್ನುವುದು ಹೇಗೆ? ಸಮಾಧಾನ: ಅಂದು ಸೋತದ್ದು ಆಕೆಯ ಹಿಡಿತವಲ್ಲ. ಮೇಲೆ ಆಕೆಯ ಭಾರ ಹೊತ್ತಿದ್ದ, ತಿರುಗುವ ಲೋಹದ ಕೊಂಡಿ ಮುರಿಯಿತು. ಲೋಹ ನಪುಂಸಕಲಿಂಗ, ಅದು ಬಿಟ್ಟರೆ ‘ಬಿಟ್ಟುದು’ ಎನ್ನಬೇಕು. ಆ ರೂಪ ಈ ವಾಕ್ಯದಲ್ಲಿಲ್ಲ.