ವಾರದ ಕಂತು, ವರ್ಷಕ್ಕೆರಡು ಸುಗ್ಗಿ

ಕಂತಿನ ದಿನ ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಒಲೆ ಬೇಗ ಹೊತ್ತುತ್ತದೆ. ಕಡರನಾಯಕನಹಳ್ಳಿಯಿರಲಿ, ಸುತ್ತಲಿನ ಯಾವ ಊರೇ ಇರಲಿ, ಯಾರದೋ ಮನೆಯ ಪಡಸಾಲೆಯಲ್ಲಿ ಹೆಂಗಸರು ಸೇರುವ ಹೊತ್ತಿಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಸಣ್ಣ ಪುಸ್ತಕ, ಅದರೊಳಗೆ ಮಡಚಿಟ್ಟ ನೋಟು. ಆ ನೋಟು ಎಲ್ಲಿಂದ ಬಂತು ಎನ್ನುವುದರಲ್ಲೇ ಸಂಸಾರದ ಆ ವಾರದ ಕಥೆ ಇರುತ್ತದೆ. ಡೇರಿಯ ಬಟವಾಡೆಯಿರಬಹುದು, ನಾಟಿಯ ಕೂಲಿಯಿರಬಹುದು, ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ದುಡ್ಡಿರಬಹುದು. ಕೆಲವು ವಾರ ಅದು ಪಕ್ಕದ ಮನೆಯಿಂದ ತಂದ ಕೈಸಾಲ.

ಮನೆಖರ್ಚು ಹಿಡಿತದಲ್ಲಿಟ್ಟು ಸಾಲ ತೀರಿಸುವುದು ಹೇಗೆ ಎಂದು ಕಲಿಸುವ ಪುಸ್ತಕಗಳೂ ಭಾಷಣಗಳೂ ಈಗ ಬೇಕಾದಷ್ಟಿವೆ. ಹಳ್ಳಿಯ ಹೆಂಗಸರು ಅದನ್ನು ಕಲಿತದ್ದು ಮಾತ್ರ ಸ್ವಸಹಾಯ ಸಂಘದಲ್ಲಿ. ಕಾಲು ಶತಮಾನಕ್ಕೂ ಮಿಕ್ಕಿ ನಡೆದುಬಂದ ಈ ರೂಢಿಯನ್ನು ಬರೀ ಹೊಗಳುವುದು ಅಥವಾ ಬರೀ ಬೈಯುವುದು ಸುಲಭ. ಒಂದು ಕೃತಿಯನ್ನು ಓದುವ ಎಚ್ಚರದಿಂದ ಅದನ್ನು ಓದಿದರೆ ಅದರ ಗಟ್ಟಿತನ ಎಲ್ಲಿ, ಬಿರುಕು ಎಲ್ಲಿ ಎಂಬುದು ಕಾಣುತ್ತದೆ.

ಮೊದಲು ಗಟ್ಟಿತನ. ಸ್ವಸಹಾಯ ಸಂಘದ ಬೇರು ಕರ್ನಾಟಕದ ಮಣ್ಣಿನಲ್ಲೇ ಇದೆ. 1980ರ ದಶಕದ ಮಧ್ಯದಲ್ಲಿ, ಹಲವು ಕಡೆ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಅವುಗಳ ಸದಸ್ಯರಲ್ಲಿ ಒಬ್ಬರನ್ನೊಬ್ಬರು ನಂಬುವವರು ಚಿಕ್ಕ ಚಿಕ್ಕ ಗುಂಪು ಕಟ್ಟಿಕೊಂಡರು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಆ ಗುಂಪುಗಳ ಬೆನ್ನಿಗೆ ನಿಂತಿತು. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಆ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಶುರುವಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದಲೇ ನಡೆದಿತ್ತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಬಂತು. ಹೆಸರು ಬೇರೆ ಬೇರೆಯಾದರೂ ಮೂಲದ ನಡೆ ಒಂದೇ: ಮೊದಲು ಉಳಿತಾಯ, ಆಮೇಲೆ ಸಾಲ.

ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಉಳಿತಾಯದಲ್ಲಿ ಏನಿದೆ ಎಂದು ಕೇಳಿದರೆ, ಮೊತ್ತದಲ್ಲಿ ಹೆಚ್ಚೇನೂ ಇಲ್ಲ. ಗುಟ್ಟು ಇರುವುದು ಹೊತ್ತಿನಲ್ಲಿ. ಖರ್ಚಾಗಿ ಮಿಕ್ಕದ್ದನ್ನು ಉಳಿಸುತ್ತೇನೆ ಎಂದುಕೊಂಡ ಮನೆಯಲ್ಲಿ ಏನೂ ಮಿಗುವುದಿಲ್ಲ. ಸಂಘ ಆ ದುಡ್ಡನ್ನು ಖರ್ಚಿಗೆ ಮುಂಚೆಯೇ ಎತ್ತಿಡುತ್ತದೆ. ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡನ್ನು ಗಂಡ ಕೇಳಬಹುದು, ಮಗ ತೆಗೆಯಬಹುದು. ಸಂಘಕ್ಕೆ ಕಟ್ಟಿದ್ದನ್ನು ಯಾರೂ ಕೇಳಲಾರರು.

ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಹಳೆಯ ಸಂಘಗಳಲ್ಲಿ ಸಾಲ ಕೇಳಿದವಳನ್ನು ಉಳಿದವರು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು: "ಯಾತಕ್ಕೆ ಬೇಕಕ್ಕಾ ದುಡ್ಡು? ಹೆಂಗೆ ಕಟ್ಟುತೀಯ?" ಮನೆಯ ಖರ್ಚನ್ನು ನಿಜವಾಗಿ ಅಂಕೆಯಲ್ಲಿಟ್ಟದ್ದು ಕಂತಿಗಿಂತ ಹೆಚ್ಚಾಗಿ ಈ ಎರಡು ಪ್ರಶ್ನೆಗಳು. ಆಸ್ಪತ್ರೆಗೆ ಎಂದರೆ ಸಂಘ ಅಂದೇ ಕೊಡುತ್ತಿತ್ತು. ತವರಿನ ಮದುವೆಗೆ ಸೀರೆ ಎಂದರೆ ಮಾತು ಬೆಳೆಯುತ್ತಿತ್ತು. ದುಡ್ಡು ಅವರೆಲ್ಲರ ಉಳಿತಾಯದ್ದೇ ಆದ್ದರಿಂದ ಕೇಳುವ ಹಕ್ಕು ಅವರಿಗಿತ್ತು.

ಇನ್ನು ಮೊದಲ ಬಿರುಕು. ಹೊರಗಿನ ದುಡ್ಡು ಬಂದಾಗ ಬದಲಾದದ್ದು ಈ ಕೇಳುವ ಹಕ್ಕೇ. ಕಿರುಸಾಲದ ಕಂಪನಿಗಳೂ ಗುಂಪನ್ನೇ ಬಳಸಿಕೊಂಡವು. ಹತ್ತಿಪ್ಪತ್ತು ಹೆಂಗಸರು, ಒಬ್ಬರಿಗೊಬ್ಬರು ಜಾಮೀನು, ಗೊತ್ತಾದ ದಿನ, ಗೊತ್ತಾದ ಹೊತ್ತು. ನೋಟಕ್ಕೆ ಸಂಘವೇ. ಆದರೆ ಇಲ್ಲಿ ಉಳಿತಾಯವಿಲ್ಲ, ಯಾತಕ್ಕೆ ಎಂಬ ಪ್ರಶ್ನೆ ಅರ್ಜಿಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ಹೆಂಗೆ ಕಟ್ಟುತೀಯ ಎಂಬುದನ್ನು ಸಾಲ ಕೊಡುವಾಗ ಕೇಳುವುದಕ್ಕಿಂತ ಕಂತು ತಪ್ಪಿದ ಮೇಲೆ ಕೇಳುವುದೇ ಜೋರು. ಗುಂಪಿನ ಕಣ್ಣು ಸಾಲದ ಮೇಲಿಂದ ವಸೂಲಿಯ ಮೇಲೆ ಹೊರಳಿತು. ಈ ರೂಢಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಹಾಗಾದರೆ ಕಂತು ಕಟ್ಟಲು ಮನೆಯಲ್ಲಿ ಏನು ಕಡಿಮೆಯಾಗುತ್ತದೆ? ಅಕ್ಕಿ ಆಗುವುದಿಲ್ಲ, ಅದು ರೇಷನ್‌ನಲ್ಲಿ ಬರುತ್ತದೆ. 2023ರ ಜೂನ್‌ನಿಂದ ಬಸ್ಸಿಗೆ ಹೆಂಗಸರು ಟಿಕೆಟ್ ದುಡ್ಡು ಕೊಡಬೇಕಿಲ್ಲ. ಆ ವರ್ಷದ ಆಗಸ್ಟ್‌ನಿಂದ ಕರೆಂಟ್ ಬಿಲ್ಲೂ ಹಗುರಾಯಿತು. ಮಿಕ್ಕದ್ದು ತರಕಾರಿ, ಬೇಳೆ, ಎಣ್ಣೆ, ಹಾಲು, ಮಾತ್ರೆ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯಲ್ಲಿ ಕಪ್ಪು ಚಹಾ ಕುಡಿಯುವುದು, ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು, ಬೇಳೆ ಸಾರು ತಿಳಿ ಸಾರಾಗುವುದು. ಈ ಕಡಿತಗಳನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಮಾಡುವವಳು ಬಹುಮಟ್ಟಿಗೆ ಒಬ್ಬಳೇ, ತನ್ನ ತಟ್ಟೆಯಿಂದಲೇ ಶುರುಮಾಡುತ್ತಾಳೆ. ಖರ್ಚು ಹಿಡಿತದಲ್ಲಿದೆ ಎಂದು ಮೆಚ್ಚಿಕೊಳ್ಳುವ ಮುಂಚೆ ಯಾರ ತಟ್ಟೆಯಿಂದ ಹಿಡಿದದ್ದು ಎಂದು ನೋಡಬೇಕು.

ಇನ್ನು ಲೆಕ್ಕ. ಒಬ್ಬಾಕೆ ಇಂಥ ಗುಂಪಿನ ಮೂಲಕ 50,000 ರೂಪಾಯಿಯನ್ನು ವರ್ಷಕ್ಕೆ ಶೇ 24ರ ಇಳಿಬಡ್ಡಿಯಲ್ಲಿ, 24 ತಿಂಗಳ ಅವಧಿಗೆ ಪಡೆದಳು ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 2,644 ರೂಪಾಯಿ. ಗೃಹಲಕ್ಷ್ಮಿಯ 2,000 ಪೂರ್ತಿ ಹೋದರೂ ಇನ್ನೂ 644 ಬೇಕು. ಎರಡು ವರ್ಷಕ್ಕೆ ಕಟ್ಟುವುದು ಸುಮಾರು 63,450. ಬಡ್ಡಿ ದುಬಾರಿಯೇ, ಆದರೆ ಸಾಲ ತೀರುತ್ತದೆ. ಇದೇ 50,000ವನ್ನು ಊರಿನ ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಂತೆ ತಂದರೆ ತಿಂಗಳಿಗೆ ಕಟ್ಟುವುದು 2,500. ಮೊತ್ತ ಹೆಚ್ಚುಕಡಿಮೆ ಅಷ್ಟೇ, ಮನೆಯಲ್ಲಿ ಬಿಗಿಯುವ ಹೊಟ್ಟೆಯೂ ಅಷ್ಟೇ. ಎರಡು ವರ್ಷದ ಮೇಲೆ 60,000 ಕೊಟ್ಟಿದ್ದರೂ 50,000ದ ಅಸಲು ಅಲ್ಲಾಡಿರುವುದಿಲ್ಲ.

ಎರಡೂ ಸಾಲ ಒಟ್ಟಿಗೆ ಇರುವ ಮನೆಗಳಲ್ಲಿ ಯಾವುದು ಮೊದಲು ತೀರುತ್ತದೆ? ಗುಂಪಿನದ್ದು. ಕಾರಣ ಬಡ್ಡಿಯ ಲೆಕ್ಕವಲ್ಲ, ಮರ್ಯಾದೆ. ಕಂತು ತಪ್ಪಿದರೆ ಅಕ್ಕಪಕ್ಕದ ಹತ್ತು ಮನೆಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಬಡ್ಡಿಯ ಸಾಹುಕಾರ ಹಾಗೆ ನಿಲ್ಲುವುದಿಲ್ಲ, ಬಡ್ಡಿ ಬರುತ್ತಿರುವವರೆಗೆ ಅವನು ಎಷ್ಟು ವರ್ಷ ಬೇಕಾದರೂ ಕಾಯುತ್ತಾನೆ. ಹೀಗೆ ಗುಂಪಿನ ಶಿಸ್ತು ಸಾಲಗಳನ್ನು ನಾಚಿಕೆಯ ಅನುಕ್ರಮದಲ್ಲಿ ತೀರಿಸುತ್ತದೆ. ಸುಗ್ಗಿಯಲ್ಲಿ ಕೈಗೆ 28,000 ಬಂತು, ಮೇಲಿನ ಕಂತಿನ ಸಾಲಕ್ಕೆ ಒಂದು ವರ್ಷವಾಗಿದೆ, ಅದರಲ್ಲಿ ಉಳಿದ ಅಸಲೂ ಸುಮಾರು 28,000. ಅದನ್ನು ಚುಕ್ತಾ ಮಾಡಿದರೆ ಮುಂದಿನ ಒಂದು ವರ್ಷದಲ್ಲಿ ಉಳಿಯುವ ಬಡ್ಡಿ ಸುಮಾರು 3,800. ಅದೇ ದುಡ್ಡನ್ನು ನೂರಕ್ಕೆ ಐದರ ಸಾಲದ ಅಸಲಿಗೆ ಹಾಕಿದರೆ ತಿಂಗಳಿಗೆ 1,400, ವರ್ಷಕ್ಕೆ 16,800 ಉಳಿಯುತ್ತದೆ. ಇಡೀ ವರ್ಷ ತರಕಾರಿಯಲ್ಲಿ ಹಿಡಿದರೂ ಇಷ್ಟು ಉಳಿಸುವುದು ಬಡಮನೆಗೆ ಕಷ್ಟ.

ಸುಗ್ಗಿಯ ಮಾತು ಬಂದದ್ದೇ ಈ ರೂಢಿಯ ಎರಡನೆಯ ಬಿರುಕನ್ನು ತೋರಿಸುತ್ತದೆ. ಹರಿಹರದ ಪೇಟೆಯಲ್ಲಿ ಒಂದು ಕಾಲಕ್ಕೆ ತಿಂಗಳ ಪಗಾರವೇ ಸಂಸಾರದ ಗಡಿಯಾರವಾಗಿತ್ತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್, ಅತ್ತ ದಾವಣಗೆರೆಯ ಹತ್ತಿ ಗಿರಣಿಗಳು. ತಿಂಗಳಿಗೊಮ್ಮೆ ಬಂದ ದುಡ್ಡನ್ನು ಬಾಡಿಗೆಗಿಷ್ಟು, ಕಿರಾಣಿಗಿಷ್ಟು, ಕಂತಿಗಿಷ್ಟು ಎಂದು ಹಂಚುವ ಲೆಕ್ಕ ಅಲ್ಲಿ ಸರಿಹೋಗುತ್ತಿತ್ತು. ಕಿರ್ಲೋಸ್ಕರ್ ಮುಚ್ಚಿದಾಗ ಆ ಗಡಿಯಾರ ಎಷ್ಟೋ ಮನೆಗಳಲ್ಲಿ ಒಮ್ಮೆಗೇ ನಿಂತಿತು. ಭತ್ತದ ಹಳ್ಳಿಗಳಲ್ಲಿ ಆ ಗಡಿಯಾರ ಮೊದಲಿಂದಲೂ ಇರಲಿಲ್ಲ. ಭದ್ರಾ ನಾಲೆಯಲ್ಲಿ ನೀರು ಬಂದರೆ ವರ್ಷಕ್ಕೆ ಎರಡು ಸುಗ್ಗಿ, ಮಳೆಗಾಲದ ಭತ್ತ ಒಂದು, ಬೇಸಿಗೆ ಭತ್ತ ಇನ್ನೊಂದು. ಹರಿಹರ ತಾಲ್ಲೂಕು ಆ ನಾಲೆಯ ಕೊನೆ ಭಾಗ. ಮೇಲಿನವರಿಗೆ ಹರಿದು ಉಳಿದದ್ದು ಇಲ್ಲಿಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಕೊನೆ ಭಾಗದ ರೈತರು ನೀರಿಗಾಗಿ ಬೀದಿಗಿಳಿದಿದ್ದರು. ನಾಲೆಯಲ್ಲಿ ನೀರಿಲ್ಲದ ವಾರವೂ ಕಂತಿನ ದಿನ ತಪ್ಪದೆ ಬರುತ್ತದೆ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಒಳ್ಳೆಯ ನಿಯಮ. ಆದರೆ ವರ್ಷಕ್ಕೆ ಒಂದೂವರೆ ಲಕ್ಷ ದುಡಿಯುವ ಮನೆಯ ತಿಂಗಳ ಆದಾಯ 12,500 ಎನ್ನುವುದು ಕಾಗದದ ಮೇಲಿನ ಭಾಗಾಕಾರ. ಅದರ ಅರ್ಧ 6,250 ಕಂತಿಗೆ ಹೋಗಬಹುದು ಎಂದು ನಿಯಮ ಒಪ್ಪುತ್ತದೆ. ಜುಲೈ ತಿಂಗಳಲ್ಲಿ, ಗೊಬ್ಬರಕ್ಕೂ ಉಳುಮೆಗೂ ದುಡ್ಡು ಸುರಿಯುತ್ತಿರುವಾಗ, ಆ 12,500 ಎಂಬ ಆದಾಯ ಆ ಮನೆಯಲ್ಲಿ ಇರುವುದೇ ಇಲ್ಲ. ಆಗ ಒಂದು ಕಂತಿಗೆ ಇನ್ನೊಂದು ಸಾಲ. ಮೂರನೆಯ ಗುಂಪಿಗೆ ಸೇರುವುದು ಸಾಮಾನ್ಯವಾಗಿ ಇಂಥ ತಿಂಗಳಲ್ಲೇ, ದುಂದಿನ ದೆಸೆಯಿಂದಲ್ಲ.

ಇದೇ ನಿಯಮಗಳಲ್ಲಿ ಸಾಲಗಾರರಿಗೆ ಅನುಕೂಲವಾದ ಎರಡು ಮಾತುಗಳಿವೆ. ಕಂತಿನ ಅವಧಿಯನ್ನು ಸಾಲ ಪಡೆಯುವವರ ಅಗತ್ಯಕ್ಕೆ ತಕ್ಕಂತೆ ಹೊಂದಿಸಲು ಸಂಸ್ಥೆ ತನ್ನ ನೀತಿಯಲ್ಲೇ ಅವಕಾಶ ಇಟ್ಟಿರಬೇಕು. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಸುಗ್ಗಿಗೆ ದೊಡ್ಡ ಕಂತು, ಬಿತ್ತನೆಯ ಕಾಲಕ್ಕೆ ಸಣ್ಣ ಕಂತು ಎಂದು ಗುಂಪಿನ ಹೆಂಗಸರು ಒಟ್ಟಾಗಿ ಕೇಳಿದರೆ ಅದು ದಯೆ ಬೇಡಿದಂತಲ್ಲ. ವಸೂಲಿಗೆ ಹತ್ತು ಜನರ ಬಲವನ್ನು ಬಳಸುವ ಈ ರೂಢಿ, ಕೇಳಲು ಅದೇ ಹತ್ತು ಜನರ ಬಲವನ್ನು ಬಳಸಿದ್ದು ತೀರಾ ಕಡಿಮೆ.

ಕಂತಿನ ಈ ಸಂಕಟ ಒಡೆದು ಬೀದಿಗೆ ಬಂದದ್ದು ಹೊಸದಲ್ಲ. 2009ರಲ್ಲಿ ಕೋಲಾರದಲ್ಲಿ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಕಿರುಸಾಲದ ಕಂತು ಕಟ್ಟಬೇಡಿ ಎಂದಿತ್ತು. ಮರುವರ್ಷ ಆಂಧ್ರಪ್ರದೇಶ ಕಿರುಸಾಲದ ಕಂಪನಿಗಳನ್ನು ಹಿಡಿತಕ್ಕೆ ತರಲು ಸುಗ್ರೀವಾಜ್ಞೆಯನ್ನೇ ತಂದಿತು. 2025ರ ಆರಂಭದಲ್ಲಿ ವಸೂಲಿಯ ಕಿರುಕುಳಕ್ಕೆ ಬೇಸತ್ತು ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಕರ್ನಾಟಕದ ಹಲವು ಜಿಲ್ಲೆಗಳಿಂದ ಬಂತು. ಈ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಕಳಿಸಿದ, ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದ ಸುಗ್ರೀವಾಜ್ಞೆಗೆ ಫೆಬ್ರುವರಿ 12ರಂದು ಅಂಕಿತ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದು ಬೇಕಿತ್ತು. ಆದರೆ ಕಾನೂನು ಬಾಗಿಲಿಗೆ ಬಂದವನ ನಾಲಿಗೆಯನ್ನು ತಡೆಯಬಲ್ಲದು, ಒಳಗಿನ ಸಾಲದ ಕಾರಣವನ್ನು ಮುಟ್ಟಲಾರದು.

ಆ ಕಾರಣ ತರಕಾರಿ ಚೀಲದಲ್ಲಿಲ್ಲ. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿ ಕುಟುಂಬವೊಂದರ ಸರಾಸರಿ ಸಾಲ ಸುಮಾರು 1.26 ಲಕ್ಷ. ದಿನಕ್ಕೆ ಇಪ್ಪತ್ತು ರೂಪಾಯಿಯ ಚಹಾ ಬಿಟ್ಟರೆ ಈ ಸಾಲ ತೀರಲು, ಬಡ್ಡಿ ಬಿಟ್ಟೇ, 17 ವರ್ಷ ಬೇಕು. ಇಷ್ಟು ಮೊತ್ತ ಹುಟ್ಟುವುದು ಬೋರು ಕೊರೆಸುವಾಗ, ಆಪರೇಷನ್ ಆದಾಗ, ಮಗಳ ಮದುವೆಯಲ್ಲಿ, ಬೆಳೆ ಕೈಕೊಟ್ಟ ವರ್ಷದಲ್ಲಿ. ಈ ಖರ್ಚುಗಳನ್ನು ತೀರ್ಮಾನಿಸುವ ಮಾತು ಜಗುಲಿಯ ಮೇಲೆ ಗಂಡಸರ ನಡುವೆ ನಡೆಯುತ್ತದೆ. ತೀರಿಸುವ ಮಾತು ಮಾತ್ರ ಪಡಸಾಲೆಯ ಸಂಘಕ್ಕೆ ಬರುತ್ತದೆ. ಧರ್ಮಸ್ಥಳದಲ್ಲಿ 1972ರಲ್ಲಿ ಸಾಮೂಹಿಕ ವಿವಾಹ ಶುರುವಾದದ್ದು ಮದುವೆಯ ಸಾಲಕ್ಕೆ ಮದ್ದಾಗಿಯೇ. ಒಂದು ಮದುವೆ ಹಾಗೆ ನಡೆದರೆ ಮನೆಯೊಂದು ಎಷ್ಟೋ ವರ್ಷದ ಕಂತಿನಿಂದ ಪಾರಾಗುತ್ತದೆ.

ಸಾಲಕ್ಕೆ ಅಡವಿಡುವ ಬಂಗಾರದ ವಿಷಯವನ್ನೂ ಹೇಳಬೇಕು. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳ್ಳತನವಾದಾಗ ಹೋದದ್ದು 17 ಕಿಲೋಗೂ ಹೆಚ್ಚು ಅಡವಿನ ಬಂಗಾರ. ಒಂದು ಚಿಕ್ಕ ಪಟ್ಟಣದ ಒಂದೇ ಶಾಖೆಯಲ್ಲಿ! ಮುಂದಿನ ವರ್ಷ ಪೊಲೀಸರು ಅದನ್ನು ಪತ್ತೆಹಚ್ಚಿದರು. ಆ ಸುದ್ದಿಯಲ್ಲಿ ಎಲ್ಲರೂ ಕಳ್ಳರನ್ನು ನೋಡಿದರು. ಒಂದೊಂದು ಸರದ, ಒಂದೊಂದು ಜೊತೆ ಬಳೆಯ ಹಿಂದೆ ಒಂದೊಂದು ಮನೆಯ ಕೆಟ್ಟ ತಿಂಗಳು ಇತ್ತು ಎಂಬುದು ಅಷ್ಟಾಗಿ ಕಾಣಲಿಲ್ಲ. ಬಡ್ಡಿಯ ದೃಷ್ಟಿಯಿಂದ ಬ್ಯಾಂಕಿನ ಅಡವು ನೂರಕ್ಕೆ ಐದರ ಸಾಲಕ್ಕಿಂತ ಎಷ್ಟೋ ಮೇಲು. ಸಹಕಾರ ಸಂಘದ ಬೆಳೆಸಾಲವಂತೂ ಗಡುವಿನೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಆ ಗಡುವು ತಪ್ಪಿಸದಿರಲು ನಾಲ್ಕು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ ಮತ್ತೆ ಎತ್ತುವವರಿದ್ದಾರೆ. ಅಷ್ಟು ಸೂಕ್ಷ್ಮ ಲೆಕ್ಕ ಬಲ್ಲ ಮನೆಗೆ ಖರ್ಚಿನ ಪಾಠ ಹೇಳಲು ಹೊರಗಿನವರು ಎರಡು ಸಲ ಯೋಚಿಸಬೇಕು.

ಹಾಗೆಂದು ಸಂಘವನ್ನು ಬಿಡಬೇಕೆಂದಲ್ಲ. ಖರ್ಚಿಗೆ ಮುಂಚೆ ಎತ್ತಿಡುವುದನ್ನು, ಬರೆದಿಡುವುದನ್ನು, ಹತ್ತು ಜನರ ಎದುರು ದುಡ್ಡಿನ ಮಾತಾಡುವುದನ್ನು ಕಲಿಸಿದ ಇಂಥ ಇನ್ನೊಂದು ಜಾಗ ಹಳ್ಳಿಯ ಹೆಂಗಸಿಗೆ ಸಿಕ್ಕಿಲ್ಲ. ಆದರೆ ಅದರ ಪುಸ್ತಕದಲ್ಲಿ ಸಂಘದ ಸಾಲಕ್ಕೆ ಮಾತ್ರ ಕಾಲಂ ಇದೆ. ಹೊರಗಿನ ಬಡ್ಡಿ, ಗೊಬ್ಬರದ ಅಂಗಡಿಯ ಉದ್ರಿ, ಅಡವಿನ ರಸೀದಿ, ಬರಲಿರುವ ಮದುವೆ, ಯಾವುದೂ ಅಲ್ಲಿಲ್ಲ. ಇವುಗಳನ್ನೂ ಅಲ್ಲೇ ಬರೆದು, ಯಾವುದನ್ನು ಮೊದಲು ತೀರಿಸುವುದು ಎಂದು ಹಳೆಯ ಎರಡು ಪ್ರಶ್ನೆಗಳೊಂದಿಗೆ ಕೂರಬೇಕು, ಗಂಡಸರನ್ನೂ ಕೂರಿಸಬೇಕು. ಅದಕ್ಕೆ ಸರಿಯಾದ ಕಾಲ ಮಳೆಗಾಲದ ಭತ್ತ ಕೊಯ್ಲಿಗೆ ಬರುವ ಮುಂಚಿನ ಒಂದೆರಡು ವಾರ. ಕೊಯ್ಲಾಗಿ ಭತ್ತ ಮಾರಿದ ಕೆಲವೇ ವಾರಕ್ಕೆ ಮದುವೆಯ ಲಗ್ನಗಳು ಶುರುವಾಗುತ್ತವೆ, ಆಮೇಲೆ ಆ ದುಡ್ಡು ಮಾತಿಗೆ ಸಿಗುವುದಿಲ್ಲ.