ತುಪ್ಪ ಬಿಡಿ ಅನ್ನುವ ಪುಸ್ತಕಗಳು

ಅಡುಗೆ ಪುಸ್ತಕಕ್ಕೂ ವಿಮರ್ಶೆ ಬರೆಯೋದಾ ಅಂತ ಕೇಳುವವರಿದ್ದಾರೆ. ಕಾವ್ಯ ಬಿಟ್ಟು ಒಲೆ ಮುಂದೆ ಕೂತರಾ ಇವರು ಅಂತ ನಗಲೂಬಹುದು. ನಗಲಿ. ಯಾರು ಏನು ತಿನ್ನಬೇಕು, ಯಾರ ಕೈಯಿಂದ ತಿನ್ನಬಾರದು, ಯಾವ ವಾಸನೆ ಯಾವ ಬೀದಿ ದಾಟಬಾರದು ಅನ್ನೋದನ್ನ ಬರೆದಷ್ಟು ಶ್ರದ್ಧೆಯಿಂದ ಈ ದೇಶದ ಶಾಸ್ತ್ರಕಾರರು ಬೇರೆ ಏನನ್ನೂ ಬರೆದ ಹಾಗೆ ಕಾಣೆವು. ಮನುವಿನ ಐದನೇ ಅಧ್ಯಾಯ ತೆಗೆದು ನೋಡಿ. ಬೆಳ್ಳುಳ್ಳಿ, ಈರುಳ್ಳಿಗೂ ಅಲ್ಲಿ ಬಹಿಷ್ಕಾರ ಇದೆ. ಅದೂ ಒಂದು ಅಡುಗೆ ಪುಸ್ತಕವೇ, ಒಲೆ ಒಂದಿಲ್ಲ ಅಷ್ಟೆ.

ಈಗ ಈ ಮಾತು ಯಾಕೆಂದರೆ, ಹೋದ ಕಾರ್ತೀಕದಲ್ಲಿ ನಮ್ಮ ಗೆಳೆಯನೊಬ್ಬ ಬೆಂಗಳೂರಿಂದ ಮೂರು ಪುಸ್ತಕ ತಂದು ಕೈಗಿಟ್ಟ. ಹಾಸ್ಟೆಲ್ಲಿನಲ್ಲಿ ನಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ನಮ್ಮ ಕೇರಿಯವನೇ. ಈಗ ವೀಗನ್ ಆಗಿದ್ದಾನೆ. ಮಾಂಸ ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದನ್ನೂ ಮುಟ್ಟೋದಿಲ್ಲ. ಚರ್ಮದ ಚಪ್ಪಲಿಯನ್ನೂ ಬಿಟ್ಟಿದ್ದಾನೆ. ನಾವು ಬಾಯಿ ತೆಗೆಯುವ ಮುಂಚೆಯೇ, 'ಬೈಯೋದು ಆಮೇಲೆ, ಒಂದು ತಿಂಗಳು ಮಾಡಿ ಉಂಡು ನೋಡಿ' ಅಂದ. ನ್ಯಾಯವಾದ ಮಾತು. ಓದದೆ ಬೈಯೋದು ಮೇಲ್ಜಾತಿ ವಿಮರ್ಶಕರ ಕಸುಬು, ನಮ್ಮದಲ್ಲ. ಹಾಗಾಗಿ ಊರಲ್ಲಿ, ಅವ್ವನ ಒಲೆಯಲ್ಲಿ, ಅವಳ ಬೈಗುಳ ಕೇಳಿಕೊಂಡೇ ಒಂದು ತಿಂಗಳು ಮಾಡಿದೆವು. ಈ ಬರಹ ಆ ತಿಂಗಳಿನ ಲೆಕ್ಕ.

ವೀಗನ್ ಅನ್ನೋ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವ್ಯಾಟ್ಸನ್ ಅಂತ ಒಬ್ಬ ಮರಗೆಲಸ ಕಲಿಸುವ ಮೇಷ್ಟ್ರು. ಹುಡುಗನಾಗಿದ್ದಾಗ ಚಿಕ್ಕಪ್ಪನ ಜಮೀನಿನಲ್ಲಿ ಹಂದಿ ಕೊಯ್ಯುವುದನ್ನು ಕಂಡು ಮಾಂಸ ಬಿಟ್ಟವನು. ಸಸ್ಯಾಹಾರಿ ಅನ್ನುವ ಇಂಗ್ಲಿಷ್ ಪದದ ತಲೆಯನ್ನೂ ಬಾಲವನ್ನೂ ಉಳಿಸಿಕೊಂಡು, ನಡುವಿನದನ್ನು ಕಿತ್ತು ಹೊಸ ಪದ ಮಾಡಿ, ಅದರ ಹೆಸರಲ್ಲೇ ಒಂದು ಸಣ್ಣ ಪತ್ರಿಕೆ ಹೊರಡಿಸಿದ. ಸಸ್ಯಾಹಾರಿಗಳು ಹಾಲು ಕುಡಿಯುವುದು ಅವನಿಗೆ ಮೋಸ ಅನ್ನಿಸಿತ್ತು. ಈ ಒಂದು ಸಂಗತಿ ನೆನಪಿನಲ್ಲಿರಲಿ ಗೆಳೆಯರೇ. ಈ ಪಂಥ ಹುಟ್ಟಿದ್ದೇ ಹಾಲು ಕುಡಿಯುವ ಸಸ್ಯಾಹಾರಿಯ ವಿರುದ್ಧ. ನಮ್ಮಲ್ಲಿ ತಟ್ಟೆಗೆ ತುಪ್ಪ ಸುರಿದುಕೊಂಡು ಅಹಿಂಸೆ ಮಾತಾಡುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದಾರೋ.

ಮೊದಲನೇ ಪುಸ್ತಕ 'ಥಗ್ ಕಿಚನ್', 2014ರದು, ಅಮೆರಿಕದ್ದು. ಸಾಲಿಗೊಂದು ಬೈಗುಳ. ಕರಿಯರ ಬೀದಿಯ ಮಾತಿನ ಧಾಟಿಯಲ್ಲಿ, ಸೊಪ್ಪು ತಿನ್ನೋ ಅಂತ ಓದುಗನ ಕೊರಳಪಟ್ಟಿ ಹಿಡಿಯುತ್ತದೆ. ಬರೆದವರು ಯಾರು ಅನ್ನೋದು ಬಹಳ ದಿನ ಗುಟ್ಟಾಗಿತ್ತು. ಪುಸ್ತಕ ಬರುವ ಹೊತ್ತಿಗೆ ಗೊತ್ತಾಯಿತು, ಅವರು ಕ್ಯಾಲಿಫೋರ್ನಿಯಾದ ಇಬ್ಬರು ಬಿಳಿಯರು. ಕರಿಯ ಬರಹಗಾರರು ಸಿಟ್ಟಾದರು. 2020ರಲ್ಲಿ ಆ ಹೆಸರನ್ನು ಅವರೇ ಕೈಬಿಟ್ಟರು. ಥಗ್ ಅನ್ನೋ ಪದ ಅಲ್ಲಿಗೆ ಹೋದದ್ದೂ ನಮ್ಮ ದೇಶದಿಂದಲೇ, ನಮ್ಮ ಠಕ್ಕನ ದಾಯಾದಿ ಅದು. ಬ್ರಿಟಿಷರು ಅದನ್ನು ಹಿಡಿದುಕೊಂಡು ಹುಟ್ಟು ಅಪರಾಧಿಗಳು ಅನ್ನೋ ಕಲ್ಪನೆ ಕಟ್ಟಿದರು, 1871ರಲ್ಲಿ ಕಾಯ್ದೆಯನ್ನೇ ತಂದರು. ಇಲ್ಲಿ ಬಡವರ ಹಣೆಗೆ ಹಚ್ಚಿದ ಪದ ಅಲ್ಲಿ ಕರಿಯ ಹುಡುಗರ ಹಣೆಗೆ ಅಂಟಿತು. ಆ ಹುಡುಗ ಅದೇ ಮಾತಾಡಿದರೆ ಪೋಲೀಸು. ಬಿಳಿಯ ಆಡಿದರೆ ಪುಸ್ತಕ, ಮಾರಾಟ. ನಮ್ಮ ಸಿನಿಮಾಗಳಲ್ಲಿ ಕೇರಿಯ ಕನ್ನಡವನ್ನು ನಗಿಸುವವನ ಬಾಯಿಗೆ ಮಾತ್ರ ಇಟ್ಟು, ನಾಯಕನ ಬಾಯಿಗೆ ಪಠ್ಯಪುಸ್ತಕದ ಕನ್ನಡ ಇಡುತ್ತಾರಲ್ಲ, ಅದೇ ಕಳ್ಳತನ ಇದು.

ಅದರಲ್ಲಿ ಕಾಬೂಲಿ ಕಡಲೆ, ಬ್ರೊಕೊಲಿ ಹುರಿದು ರೊಟ್ಟಿಯಲ್ಲಿ ಸುತ್ತುವ ಒಂದು ತಿಂಡಿ ಇದೆ. ಬ್ರೊಕೊಲಿ ಬದಲು ಹೂಕೋಸು, ಓವನ್ ಬದಲು ಕಬ್ಬಿಣದ ಹೆಂಚು, ಅವರ ರೊಟ್ಟಿಗೆ ಬದಲು ನಮ್ಮ ಚಪಾತಿ. ಚೆನ್ನಾಗೇ ಇತ್ತು. ಅದೇ ಕಷ್ಟ. ಪುಸ್ತಕ ಕೆಟ್ಟದ್ದು, ಅಡುಗೆ ಒಳ್ಳೇದು. ಸಾಹಿತ್ಯ ವಿಮರ್ಶೆಯಲ್ಲಿ ಈ ಪೇಚು ನಮಗೆ ಹೊಸದಲ್ಲ.

ಎರಡನೇದು ಬ್ರಯಂಟ್ ಟೆರಿಯ 'ವೀಗನ್ ಸೋಲ್ ಕಿಚನ್', 2009ರದು. ಈ ಪುಸ್ತಕದ ಮುಂದೆ ನಾವು ಬಹಳ ಹೊತ್ತು ಕೂತೆವು. ಟೆರಿ ಕರಿಯ, ಟೆನೆಸ್ಸಿಯ ಮೆಂಫಿಸ್ ಊರಿನವನು. ಗುಲಾಮರ ಒಡೆಯರು ಬಿಸಾಕಿದ ಕರುಳು, ಕಿವಿ, ಕಾಲುಗಳಿಂದ ಕರಿಯರು ಕಟ್ಟಿಕೊಂಡ ಊಟಕ್ಕೆ ಅಲ್ಲಿ ಸೋಲ್ ಫುಡ್ ಅಂತ ಹೆಸರು. ನಮ್ಮ ಬೋಟಿ, ಲಾಕಿ, ರಕ್ತದ ಪಲ್ಯದ ಅಣ್ಣತಮ್ಮಂದಿರು. ಟೆರಿ ಆ ಊಟಕ್ಕೆ ಮೂಗು ಮುರಿಯುವುದಿಲ್ಲ. ಆದರೆ ಕೇಳುತ್ತಾನೆ: ನಮ್ಮ ಅಜ್ಜಿಯರ ಹಿತ್ತಿಲಲ್ಲಿ ಸೊಪ್ಪು ಇರಲಿಲ್ಲವಾ, ಅಲಸಂದೆ ಇರಲಿಲ್ಲವಾ, ಅದನ್ನು ಯಾಕೆ ಮರೆತಿರಿ ಅಂತ. ಅಲಸಂದೆ ಆಫ್ರಿಕಾದಿಂದ ಗುಲಾಮರ ಹಡಗುಗಳ ಜೊತೆಗೇ ಅಮೆರಿಕ ಮುಟ್ಟಿದ ಕಾಳು. ನಮ್ಮ ರಾಗಿಯೂ ಆಫ್ರಿಕಾದ ಎತ್ತರದ ನೆಲದಿಂದಲೇ ಬಂದದ್ದು. ಈ ವಿಷಯ ಹೇಳಿದಾಗ ಅವ್ವ, 'ಅಂಗಾರೆ ಅವ್ರು ನಮ್ ನೆಂಟ್ರೇ ಕನಾ' ಅಂದಳು. ನಾವು ಎಷ್ಟು ಕರಪತ್ರ ಬರೆದರೂ ಇಷ್ಟು ಚಿಕ್ಕದಾಗಿ ಹೇಳೋಕಾಗಿಲ್ಲ.

ಟೆರಿಗೆ ಸ್ಫೂರ್ತಿಯಾದದ್ದರಲ್ಲಿ ಒಂದು ಬ್ಲ್ಯಾಕ್ ಪ್ಯಾಂಥರ್ ಪಕ್ಷ. 1969ರಲ್ಲಿ ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಬಡ ಮಕ್ಕಳಿಗೆ ಬೆಳಗಿನ ತಿಂಡಿ ಹಾಕಲು ಶುರುಮಾಡಿದವರು ಅವರು. 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಾಗ ನಮ್ಮವರು ಅಲ್ಲಿಂದ ತಂದದ್ದು ಸಿಟ್ಟನ್ನು. ತಿಂಡಿಯ ಪಾತ್ರೆಯನ್ನೂ ತರಬೇಕಿತ್ತು ಅಂತ ಈ ಪುಸ್ತಕ ಓದುವಾಗ ಅನ್ನಿಸಿತು.

ಅವನ ಪುಸ್ತಕದಲ್ಲಿ ಕಾಲರ್ಡ್ ಅನ್ನೋ ಸೊಪ್ಪನ್ನು ಬೆಳ್ಳುಳ್ಳಿ, ಒಣದ್ರಾಕ್ಷಿ, ಕಿತ್ತಳೆ ರಸದ ಜೊತೆ ಬಾಡಿಸುವ ಒಂದು ಪಲ್ಯ ಇದೆ. ಆ ಸೊಪ್ಪು ನಮ್ಮಲ್ಲಿ ಎಲ್ಲಿ ಸಿಗಬೇಕು? ನವಿಲುಕೋಸು ಅದರದೇ ಕುಲ. ಮಾರ್ಕೆಟ್ಟಿನಲ್ಲಿ ಗೆಡ್ಡೆ ತೂಗುವ ಮುಂಚೆ ಎಲೆ ಮುರಿದು ಕಾಲಡಿಗೆ ಹಾಕುತ್ತಾರೆ, ದನಗಳು ಬಂದು ತಿನ್ನುತ್ತವೆ. ಒಂದು ಚೀಲ ತುಂಬಿಕೊಂಡೆವು. ಅಂಗಡಿಯವನು ದುಡ್ಡು ಕೇಳಲಿಲ್ಲ, 'ಮೊಲ ಸಾಕಿದ್ದೀರಾ' ಅಂತ ಕೇಳಿದ. ನಡುವಿನ ನರ ತೆಗೆದು, ಎಲೆಯನ್ನು ಸುರುಳಿ ಸುತ್ತಿ ಎಳೆ ಎಳೆಯಾಗಿ ಹೆಚ್ಚಿ, ಉಪ್ಪು ನೀರಲ್ಲಿ ಹತ್ತು ನಿಮಿಷ ಬೇಯಿಸಿ, ತಣ್ಣೀರಿಗೆ ಅದ್ದಿ ಹಿಂಡಬೇಕು. ಹಾಗೆ ಮಾಡಿದರೆ ಹಸಿರು ಕೆಡೋದಿಲ್ಲ. ಅವನು ಆಲಿವ್ ಎಣ್ಣೆ ಅಂತಾನೆ, ನಾವು ಕಡಲೆಕಾಯಿ ಎಣ್ಣೆ ಹಾಕಿದೆವು. ಬೇಯಿಸಿದ ನೀರನ್ನು ಚೆಲ್ಲೋಕೆ ಹೋದಾಗ ಅವ್ವ ಕೈ ಹಿಡಿದಳು. ಆ ನೀರಿಗೆ ಹುಣಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿ ಬಿಟ್ಟರೆ ಬಸ್ಸಾರು. ಹೀಗೆ ಅವನ ಒಂದು ಅಡುಗೆ ನಮ್ಮ ಮನೆಯಲ್ಲಿ ಎರಡಾಯಿತು. ದ್ರಾಕ್ಷಿ ಮಾತ್ರ ಅಪ್ಪ ಒಂದೊಂದಾಗಿ ಆರಿಸಿ ತಟ್ಟೆ ಅಂಚಿಗಿಟ್ಟ.

ಪ್ರತಿ ಅಡುಗೆಗೂ ಕೇಳಬೇಕಾದ ಒಂದು ಹಾಡನ್ನು ಟೆರಿ ಹೆಸರಿಸುತ್ತಾನೆ. ಕವಿಗಳಾದ ನಮಗೆ ಹೊಟ್ಟೆಕಿಚ್ಚಾಯಿತು. ಮಾದಪ್ಪನ ಹಾಡಿಲ್ಲದೆ ರಾಗಿ ಬೀಸಿದವರಲ್ಲ ನಮ್ಮ ಅಜ್ಜಿ. ಆದರೆ ಆ ಹಾಡು ಜಾನಪದದ ಸಂಪುಟಕ್ಕೆ ಹೋಯಿತು, ಆ ರಾಗಿ ಯಾವ ಪುಸ್ತಕಕ್ಕೂ ಹೋಗಲಿಲ್ಲ.

ಮೂರನೇದರ ಬಗ್ಗೆ ಹೆಚ್ಚು ಹೇಳೋದಿಲ್ಲ. ರಿಚಾ ಹಿಂಗ್ಲೆ ಅವರ 2015ರ ಪುಸ್ತಕ. ಭಾರತದಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿದವರು. ಬೇಳೆಯ ಅಡುಗೆಗಳಿವೆ, ಅಳತೆ ಖಚಿತ, ಮಾಡಿದರೆ ಕೆಡೋದಿಲ್ಲ. ಆದರೆ ಪುಸ್ತಕದ ಹೆಚ್ಚಿನ ಶ್ರಮ ಹೋಟೆಲಿನ ಹಾಲು-ಕೆನೆಯ ಅಡುಗೆಯಿಂದ ಹಾಲನ್ನು ತೆಗೆಯುವುದಕ್ಕೆ ಹೋಗಿದೆ. ಪನೀರಿನ ಜಾಗಕ್ಕೆ ಸೋಯಾದ ತೋಫು, ಕೆನೆಯ ಜಾಗಕ್ಕೆ ಗೋಡಂಬಿ. ಕಾಲು ಕೇಜಿ ಗೋಡಂಬಿಗೆ ಇನ್ನೂರು ರೂಪಾಯಿಗೂ ಮೇಲೆ ಕೊಟ್ಟೆವು. ಅವ್ವನಿಗೆ ಅರ್ಧ ಅಂತ ಸುಳ್ಳು ಹೇಳಿದೆವು. ಇಂಥ ಅಡುಗೆಗೆ ಕ್ರೌರ್ಯವಿಲ್ಲದ ಅಡುಗೆ ಅಂತ ಒಂದು ಬಿರುದು ಇದೆ. ಗೋಡಂಬಿ ಸಿಪ್ಪೆಯೊಳಗೆ ಚರ್ಮ ಸುಡುವ ಎಣ್ಣೆ ಇರುತ್ತದೆ. ಕೊಲ್ಲಂನಲ್ಲಿ, ನಮ್ಮ ಕರಾವಳಿಯ ಕಾರ್ಖಾನೆಗಳಲ್ಲಿ ಅದನ್ನು ಬಿಡಿಸುತ್ತಾ ಬಂದವರು ಹೆಣ್ಣುಮಕ್ಕಳು. ಹಸುವಿನ ಕೆಚ್ಚಲು ಕಂಡ ಕಣ್ಣಿಗೆ ಆ ಬೆರಳು ಯಾಕೆ ಕಾಣಲಿಲ್ಲ? ಕ್ರೌರ್ಯದ ಲೆಕ್ಕ ಬರೆಯುವಾಗ ಮನುಷ್ಯರನ್ನು ಯಾವ ಪುಟಕ್ಕೆ ಬರೆದುಕೊಳ್ಳುತ್ತೀರಿ?

ಗೋಡಂಬಿ ಮುಗಿದ ಮೇಲೆ ಕಡಲೆಕಾಯಿಗೆ ಇಳಿದೆವು. ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಕಾಯಿಸಿದರೆ ಹಾಲು. ಅದು ಬೆಚ್ಚಗಿರುವಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಮೊಸರು. ಎರಡು ಸಲ ಕೆಟ್ಟಿತು, ಮೂರನೇ ಸಲ ಹೆಪ್ಪಾಯಿತು. ಹಸಿ ವಾಸನೆ ಸ್ವಲ್ಪ ಉಳಿಯುತ್ತೆ, ಸಾಸಿವೆ ಒಗ್ಗರಣೆ ಕೊಟ್ಟರೆ ಹೋಗುತ್ತೆ. ಹಿಂಡಿದ ಗಸಿಯಲ್ಲಿ ಅವ್ವ ಚಟ್ನಿ ಮಾಡಿದಳು. ದೇವನೂರರ 'ಒಡಲಾಳ'ದ ಸಾಕವ್ವನ ಮನೆಯಲ್ಲಿ ರಾತ್ರಿಯೆಲ್ಲಾ ಕೂತು ಕದ್ದ ಕಡಲೆಕಾಯಿ ತಿಂದದ್ದು ನಿಮಗೆ ಗೊತ್ತು. ಹಾಲು ಮಾಡೋಕೆ ಅಲ್ಲಿ ಒಂದು ಬೀಜವೂ ಉಳಿದಿರಲಿಲ್ಲ.

ಇನ್ನು ಅಸಲು ಜಗಳಕ್ಕೆ ಬರೋಣ. ಈ ಪುಸ್ತಕಗಳು ತುಪ್ಪ ಬಿಡಿ ಅಂತಾವೆ. ಯಾರಿಗೆ ಹೇಳ್ತಾವೆ? ನಮ್ಮ ಮನೆಯಲ್ಲಿ ಮುದ್ದೆ, ಹುರುಳಿಕಟ್ಟಿನ ಸಾರು, ಉಪ್ಸಾರು, ಮಸೊಪ್ಪು. ವಾರದ ಆರು ದಿನ ಇದರಲ್ಲಿ ಒಂದು ತೊಟ್ಟು ಹಾಲಿಲ್ಲ. ಹಸು ಇತ್ತು, ಹಾಲು ಡೈರಿಗೆ ಹೋಗುತ್ತಿತ್ತು, ನಮಗೆ ಬೆಲ್ಲದ ಕರೀ ಟೀ. ಈ ಲೆಕ್ಕದಲ್ಲಿ ನಾವು ವ್ಯಾಟ್ಸನ್ ಹುಟ್ಟುವ ಮುಂಚಿನಿಂದಲೂ ಮುಕ್ಕಾಲು ವೀಗನ್ನರು. ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ಚಕವಾರ ಅನ್ನೋ ಊರಿನ ಕಥೆ ಹೇಳುತ್ತಾರೆ. 1936, ಜೈಪುರ ಸಂಸ್ಥಾನ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಇತ್ತು. ನೂರಾರು ಸವರ್ಣೀಯರು ದೊಣ್ಣೆ ಹಿಡಿದು ನುಗ್ಗಿ, ಅಡುಗೆ ಹಾಳುಮಾಡಿ, ಉಣ್ಣುತ್ತಿದ್ದವರನ್ನು ಹೊಡೆದೋಡಿಸಿದರು. ತಪ್ಪು ಇಷ್ಟೇ, ತುಪ್ಪ ತಿಂದದ್ದು. ಒಂದು ಮಿಳ್ಳೆ ತುಪ್ಪಕ್ಕೆ ಬೆನ್ನು ಒಡ್ಡಿದವರ ಮಕ್ಕಳಿಗೆ ತುಪ್ಪ ತ್ಯಜಿಸಿ ಅನ್ನುವ ಮಾತು ತಮಾಷೆಯಾಗಿ ಕೇಳುತ್ತೆ. ಬಿಡೋದಕ್ಕೆ ಮುಂಚೆ ಕೈಯಲ್ಲಿ ಇರಬೇಕಲ್ಲ ಸ್ವಾಮಿ.

ಇಷ್ಟು ಹೇಳಿ ನಾವು ಗೆದ್ದೆವು ಅಂತ ಎದ್ದು ಹೋಗಬಹುದಿತ್ತು. ಆಗಲಿಲ್ಲ. ಅದೇ ತಿಂಗಳು ನಮ್ಮ ಹಟ್ಟಿಯ ಹಸು ಗಂಡು ಕರು ಹಾಕಿತು. ಗಂಡು ಕರು ಕುಡಿದಷ್ಟೂ ಡೈರಿಯ ಹಾಲು ಕಮ್ಮಿ. ಅಪ್ಪ ಹದಿನೈದನೇ ದಿನಕ್ಕೆ ಅದನ್ನು ಸಾಗಹಾಕಿದ. ಹಸು ಎರಡು ರಾತ್ರಿ ಅಂಬಾ ಅಂದದ್ದು ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಹಿಂದೆಲ್ಲಾ ಕೇಳಿಸಿದ್ದರೂ ನಿದ್ದೆ ಬರುತ್ತಿತ್ತು, ಈ ಸಲ ಬರಲಿಲ್ಲ. ಗೆಳೆಯನ ಪ್ರಶ್ನೆ ಕಿವಿಯೊಳಗೆ ಕೂತಿತ್ತು. ಆ ಪ್ರಶ್ನೆ ಬ್ರಾಹ್ಮಣರದಲ್ಲ, ಅವನದೇ. ಅದಕ್ಕೆ ಜಾತಿಯ ಉತ್ತರ ಕೊಟ್ಟು ತಪ್ಪಿಸಿಕೊಳ್ಳುವುದು ನಮಗೆ ಆಗಲಿಲ್ಲ ಅಂತ ಒಪ್ಪಿಕೊಳ್ಳುತ್ತೇವೆ. ಕರಿಯರ ಹಕ್ಕಿಗಾಗಿ ಜೈಲು ಕಂಡ ಹಾಸ್ಯಗಾರ ಡಿಕ್ ಗ್ರೆಗರಿ 1973ರಲ್ಲೇ ಸೊಪ್ಪು ಹಣ್ಣಿನ ಊಟದ ಬಗ್ಗೆ ಪುಸ್ತಕ ಬರೆದಿದ್ದ. ಮನುಷ್ಯರನ್ನು ಕೊಲ್ಲಬೇಡಿ ಅನ್ನುವ ಮಾತು ಪ್ರಾಣಿಗೂ ಸಲ್ಲುತ್ತದೆ ಅಂತ ಅವನ ವಾದ. ತುಳಿಸಿಕೊಂಡವನೇ ಹೀಗೆ ಅಂದಾಗ ಕೇಳಬೇಕಾಗುತ್ತದೆ.

ಆದರೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯವರ ಜೊತೆ ಈ ಪ್ರಶ್ನೆಯನ್ನು ಕೂರಿಸಬೇಡಿ. ಆ ಕಾಯ್ದೆ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ಯಾವ ಜಾನುವಾರನ್ನೂ ಕೊಯ್ಯಬಾರದು ಅಂತು. ಗಂಡು ಕರುವಿಗೆ ಹುಲ್ಲು ಯಾರು ಹಾಕಬೇಕು ಅನ್ನೋ ಪ್ರಶ್ನೆಯನ್ನು ಅಪ್ಪನ ತಲೆಗೇ ಕಟ್ಟಿತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. 2013ರಿಂದ ಅವೇ ಮಕ್ಕಳಿಗೆ ಕ್ಷೀರಭಾಗ್ಯದ ಹಾಲು ಬರುತ್ತಿದ್ದಾಗ ಅವರಿಗೆ ಯಾವ ಹಿಂಸೆಯೂ ಕಂಡಿರಲಿಲ್ಲ. ವೀಗನ್ ಆದವನು ಎರಡನ್ನೂ ಪ್ರಶ್ನಿಸಬೇಕು. ಮೊಟ್ಟೆಯನ್ನು ಮಾತ್ರ ಪ್ರಶ್ನಿಸುವವನು ವೀಗನ್ ಅಲ್ಲ, ಪುರೋಹಿತ. ಇನ್ನೊಂದು ಮಾತು: ಬಿ-12 ಅನ್ನೋ ಜೀವಸತ್ವ ಗಿಡಮರಗಳಿಂದ ಸಿಗೋದಿಲ್ಲ, ಮಾತ್ರೆ ನುಂಗಬೇಕು ಅಂತ ತಿಳಿದ ವೀಗನ್ನರೇ ಹೇಳುತ್ತಾರೆ. ನಮ್ಮ ಗೆಳೆಯ ನುಂಗುತ್ತಾನೆ, ಅವನಿಗೆ ಸಂಬಳ ಇದೆ. ರಾಯಚೂರಿನ ಹುಡುಗಿಯ ತಟ್ಟೆಯಿಂದ ಮೊಟ್ಟೆ ತೆಗೆಯುವವರು ಆ ಮಾತ್ರೆಯನ್ನು ಎಲ್ಲಿಡುತ್ತಾರೆ?

ಮರಾಠಿಯಲ್ಲಿ ಶಾಹು ಪಟೋಳೆ 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಅಂತ ಬರೆದರು. ಅನ್ನ ಪೂರ್ಣಬ್ರಹ್ಮ ಅನ್ನೋ ಮಾತನ್ನು ಹೆಸರಿನಲ್ಲೇ ತಿರುಗಿಸಿ ಹೊಡೆದಿದ್ದಾರೆ. ಮರಾಠವಾಡದ ಮಹಾರ್, ಮಾಂಗ್ ಮನೆಗಳ ಅಡುಗೆ, ಎಣ್ಣೆ ತುಪ್ಪ ಹಾಲು ಕಾಣದ ಅಡುಗೆ, ಮಾಂಸವೂ ಸೇರಿ. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ನಮ್ಮ ಹೊಲಗೇರಿ ಮಾದಿಗರ ಹಟ್ಟಿಗಳ ಅಡುಗೆಯನ್ನು ಹೀಗೆ ಬರೆದಿಡಬೇಕಾದವರು ಈ ಪತ್ರಿಕೆ ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು. ನಿಮ್ಮ ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ನೋಟ್ ಪುಸ್ತಕ ಹಿಡಿದು ಕೂತುಕೊಳ್ಳಿ. ಅಳತೆ ಕೇಳಿದರೆ ಬೈತಾಳೆ, ಅವಳ ಕೈ ನೋಡಿ ಬರೆದುಕೊಳ್ಳಿ.

ತಿಂಗಳ ಕೊನೆಗೆ ಗೆಳೆಯ ಊರಿಗೆ ಬಂದ. ಅವ್ವ ಮುದ್ದೆ ಹಾಕಿ ಹುರುಳಿ ಸಾರು ಬಿಟ್ಟಳು. ಅವನು ಮುರಿಯುವ ಮುಂಚೆ, ಅಭ್ಯಾಸಕ್ಕೆ, 'ಒಗ್ಗರಣೆಗೆ ತುಪ್ಪ ಏನಾದ್ರೂ ಹಾಕಿದ್ದೀಯಾ ಅತ್ತೆ' ಅಂತ ಕೇಳಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. 'ನಿಮ್ಮವ್ವನ ಮದ್ವೇಲೂ ಇರ್ನಿಲ್ಲ ಕನಪ್ಪ, ಈಗ್ಯಾಕ್ ಹಾಕನೆ.' ಅವನೂ ನಕ್ಕ, ನಾವೂ ನಕ್ಕೆವು. ಊಟ ಆದ ಮೇಲೆ ಕಡಲೆಕಾಯಿ ಮೊಸರಿನ ಹದ ಕೇಳಿ, ಎಷ್ಟು ತೊಟ್ಟು ಹಾಕಬೇಕು ಅಂತ ಬರೆದುಕೊಂಡು ಹೋದ. ಎಂಟು.